ಅಮ್ಮನ ಕರಡಿಗೆ ಪೋಖರಾಕ್ಕೆ ಹೋದದ್ದು

ಎರಡನೇ ಬ್ಲಾಕ್, ರಾಜಾಜಿನಗರ
ಬೆಂಗಳೂರು–೧೦
೨೬ ಅಕ್ಟೋಬರ್ ೧೯೭೭

ಚಿ. ಶಿವಗಂಗೆಗೆ, ಸಮುದ್ರಮಟ್ಟದಿಂದ ಬರೀ ಮೂರು ಸಾವಿರ ಅಡಿ ಮೇಲಿರುವ ನಿನ್ನ ಅಪ್ಪಾಜಿಯ ಆಶೀರ್ವಾದಗಳು.

ಮೊದಲು ಆರೋಗ್ಯದ ವಿಚಾರ. ಮೂಗು ಇದ್ದ ಜಾಗದಲ್ಲೇ ಇದೆಯೇ? ಕಿವಿ ಎರಡೂ ಕೈಗೆ ಸಿಗುತ್ತಿವೆಯೇ? ನನ್ನ ಮಂಕಿ ಕ್ಯಾಪನ್ನು ನೀನು ಹಾಕಿಕೊಳ್ಳುತ್ತಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹಾಕಿಕೊಂಡಿದ್ದೇನೆ ಎಂದು ಒಂದು ಸಾಲು ಬರೆ, ನಿಮ್ಮಮ್ಮನಿಗೆ ಓದಿ ಹೇಳಲು ಬೇಕು. ಶೇಂಗಾ ಚಟ್ನಿಪುಡಿ ಮುಗಿಯಿತೋ, ಖಡಕ್ ರೊಟ್ಟಿ ಬೆನ್ನಚೀಲದಲ್ಲಿ ನುಗ್ಗಾಗಿ ಅದೂ ಒಂದು ಪುಡಿಯೇ ಆಯಿತೋ ತಿಳಿಸು. ನಾವಿಲ್ಲಿ ಕ್ಷೇಮ. ಹಾಗೆ ಬರೆಯುವುದು ಪದ್ಧತಿ. ಎಷ್ಟು ಕ್ಷೇಮ ಎನ್ನುವುದು ಮುಂದೆ ಓದಿದರೆ ಗೊತ್ತಾಗುತ್ತದೆ.

ನಿನಗೆ ಹೆಸರಿಡುವಾಗ ನಾವು ನೆನೆದದ್ದು ತುಮಕೂರು ರಸ್ತೆ ಪಕ್ಕದ ಶಿವಗಂಗೆ ಬೆಟ್ಟವನ್ನು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಮನೆ ಸೇರಬಹುದಾದ ಮರ್ಯಾದಸ್ಥ ಬೆಟ್ಟ ಅದು. ನೀನು ಹೆಸರಿನ ಮೊದಲರ್ಧ ಬಿಟ್ಟು ಉಳಿದರ್ಧ ಹಿಡಿದುಕೊಂಡೆ. ಲೋಕದ ಗಂಗೆ ಹಿಮಾಲಯದಲ್ಲಿ ಹುಟ್ಟಿ ಕೆಳಕ್ಕೆ ಹರಿಯುತ್ತಾಳೆ. ನಮ್ಮ ಗಂಗೆ ರಾಜಾಜಿನಗರದಲ್ಲಿ ಹುಟ್ಟಿ ಮೇಲಕ್ಕೆ ಹರಿದಳು. ದಸರಾ ರಜೆಗೆ ನಿಮ್ಮ ಭೂಗೋಳದ ಕೋಕಿಲಾ ಮೇಡಂ ಹುಡುಗಿಯರನ್ನು ಕಟ್ಟಿಕೊಂಡು ನೇಪಾಳಕ್ಕೆ ಹೊರಟಾಗ ನಿನ್ನ ಸೋದರಮಾವ, “ಭೂಗೋಳ ಕಲಿಯೋಕೆ ನೇಪಾಳ ಯಾಕ್ರೀ? ಭೂಮಿ ಬಸವೇಶ್ವರನಗರದಲ್ಲೂ ಇದೆಯಲ್ಲ” ಎಂದಿದ್ದರು. ನೇಪಾಳ ಒಂದು ನೆಪ, ತಿರುಗುವುದು ಕಸುಬು ಎಂದು ನಾನೇ ಒಪ್ಪಿಕೊಂಡೆ. ಈಗ ಪೋಖರಾ ಸೇರಲಿರುವ ಪೋಕರಿಗೆ ಈ ಕಾಗದ ಅಲ್ಲಿನ ಅಂಚೆ ಕಚೇರಿಯಲ್ಲಿ ಸಿಗಬೇಕು, ನೀವು ಹಿಮದ ಬೆಟ್ಟದ ಮೇಲಿನ ಮುಕ್ತಿನಾಥದ ದಾರಿ ಹಿಡಿಯುವ ಮುಂಚೆಯೇ ಸಿಗಬೇಕು. ಯಾಕೆ ಅಷ್ಟು ಅವಸರ ಎಂದು ಹೇಳುತ್ತೇನೆ, ತಾಳು.

ಕಾಠ್ಮಂಡುವಿನಿಂದ ನೀನು ಬರೆದ ಕಾಗದ ಸೋಮವಾರ ಬಂತು. ನಿಮ್ಮಮ್ಮನಿಗೆ ಓದಲು ಬರುತ್ತದೆ; ಆದರೆ ಮಗಳ ಕಾಗದವನ್ನು ಓದಬಾರದು, ಕೇಳಬೇಕು ಎನ್ನುವುದು ಅವಳ ಸಿದ್ಧಾಂತ. ನಾನು ಓದಿದೆ, ಅವಳು ಅವರೆಕಾಯಿ ಸುಲಿಯುತ್ತಾ ಕೇಳಿದಳು. ಗುಡ್ಡದ ಮೇಲಿನ ಬಿಳಿಯ ಸ್ತೂಪದ ನಾಲ್ಕು ಕಡೆಗೂ ದೊಡ್ಡ ದೊಡ್ಡ ಕಣ್ಣು ಬರೆದಿದ್ದಾರೆ ಎಂದಿದ್ದೆಯಲ್ಲ, ಅದಕ್ಕೆ “ಸದ್ಯ, ಅಲ್ಲಿ ಇವಳ ಮೇಲೆ ಕಣ್ಣಿಡೋಕೆ ಯಾರೋ ಇದ್ದಾರೆ” ಎಂದಳು. ಭಕ್ತಪುರದ ಮರದ ಕಿಟಕಿಯಲ್ಲಿ ಗರಿಗೆದರಿದ ನವಿಲನ್ನು ಕೆತ್ತಿದ್ದಾರೆ ಎಂದಾಗ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಚಹಕ್ಕೆ ಬೆಣ್ಣೆ, ಉಪ್ಪು ಹಾಕಿ ಕೊಟ್ಟರು ಎಂದಾಗ ಮಾತ್ರ ನನ್ನ ಕಡೆ ತಿರುಗಿ, “ನಾನು ಒಂದೇ ಒಂದು ದಿವಸ ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿ ತೆಗೆದಿದ್ದಕ್ಕೆ ಎಷ್ಟು ವರ್ಷ ಆಡಿಕೊಂಡ್ರಿ” ಎಂದಳು. ನೇಪಾಳದ ಆ ಚಹದಿಂದ ನನ್ನ ಸಂಸಾರದ ಇತಿಹಾಸವೇ ತಿದ್ದುಪಡಿಯಾಯಿತು. ಎದುರುಮನೆಯ ಅನಂತಲಕ್ಷ್ಮಿಯವರಿಗೆ ಮರುದಿನ ಹಾಲಿನ ಬೂತಿನ ಸಾಲಿನಲ್ಲಿ ನಿಂತೇ ಆ ಸ್ತೂಪ, ಆ ಕಿಟಕಿ, ಗಡ್ಡ ಬಿಟ್ಟ ಹಿಪ್ಪಿಗಳು ಎಲ್ಲವನ್ನೂ ತಾನೇ ನೋಡಿ ಬಂದವಳಂತೆ ವರ್ಣಿಸಿದಳಂತೆ. ಶ್ರೀಶೈಲದಿಂದ ಆಚೆಗೆ ಕಾಲಿಡದ ಹೆಂಗಸು!

ಆದರೆ ಕಾಗದ ಮುಗಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು: “ಇನ್ನೊಂದು ಸಲ ಓದ್ರಿ. ನಿಧಾನಕ್ಕೆ. ಎಲ್ಲಾದರೂ ಒಂದು ಸಾಲು ಬಿಟ್ಟಿರಬೇಕು.” ನಾನು ಮತ್ತೆ ಓದಿದೆ. ಯಾವ ಸಾಲನ್ನೂ ಬಿಟ್ಟಿರಲಿಲ್ಲ. ಅವಳು ಹುಡುಕುತ್ತಿದ್ದ ಸಾಲನ್ನು ನೀನು ಬರೆದೇ ಇರಲಿಲ್ಲ.

ಈಗ, ಮಗಳೇ, ನಿನ್ನ ಕೊರಳಿಗೆ ಕೈ ಹಾಕು. ಸ್ವೆಟರಿನ ಒಳಗೆ ಶಿವದಾರ ಇದೆಯಲ್ಲ, ಅದರ ತುದಿಯಲ್ಲಿ ಬೆಳ್ಳಿಯ ಕರಡಿಗೆ ಇದೆಯಲ್ಲ. ಅದು ನಿನ್ನದಲ್ಲ. ಅದರೊಳಗಿನ ಇಷ್ಟಲಿಂಗ ನಿಮ್ಮಮ್ಮನದು.

ನೀನು ಎಸ್ಸೆಸ್ಸೆಲ್ಸಿ ಪಾಸಾದಾಗ ಇಬ್ಬರಿಗೂ ಒಂದೇ ಅಚ್ಚಿನ ಕರಡಿಗೆ ಮಾಡಿಸಿದ್ದು ನಾನು. ಜೋಡಿ ಚೆನ್ನಾಗಿರುತ್ತದೆ ಎಂದು ಜಂಬದಿಂದ ಮಾಡಿಸಿದೆ. ಜೋಡಿ ಹೀಗೆ ದೇಶಾಂತರ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು? ನೀನು ಹೊರಟ ದಿನ ಬೆಳಿಗ್ಗೆ, ದೂರದ ಪ್ರಯಾಣಕ್ಕೆ ಹಳೆಯ ದಾರ ಬೇಡ ಎಂದು ಅವಳು ಮಣೆಯ ಮೇಲೆ ಕೂತು ಎರಡೂ ಕರಡಿಗೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ ಶಿವದಾರ ಪೋಣಿಸುತ್ತಿದ್ದಳು. ಹೊರಗೆ ಆಟೋ ಬಂತು. ನಿನ್ನ ಮಾವ “ರೈಲು ನಿಮ್ಮ ಮನೆ ಅಳಿಯನೇನ್ರೀ, ಕಾಯೋಕೆ?” ಎಂದು ಕೂಗಿದರು. ನೀನು ಬೂಟಿನ ದಾರ ಕಟ್ಟುತ್ತಿದ್ದೆ, ಅವಳು ಶಿವದಾರ ಕಟ್ಟುತ್ತಿದ್ದಳು. ಆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಒಂದನ್ನು ನಿನ್ನ ಕೊರಳಿಗೆ ಹಾಕಿ, ಕಣ್ಣೊರೆಸಿಕೊಂಡು, ಉಳಿದದ್ದನ್ನು ತಾನು ಹಾಕಿಕೊಂಡಳು.

ಮರುದಿನ ಪೂಜೆಗೆ ಕೂತವಳು ಮಂತ್ರ ನಿಲ್ಲಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾದಿದ್ದ ನನಗೆ ಕೇಳಿಸಿತು. ಎಡಗೈ ಚಾಚಿಕೊಂಡು ಕೂತಿದ್ದಾಳೆ, ಅಂಗೈಯಲ್ಲಿ ಲಿಂಗ ಇದೆ. “ಇದು ನನ್ನದಲ್ಲ ಕಣ್ರೀ” ಎಂದಳು. ನೋಡಲು ಎರಡೂ ಒಂದೇ, ಕಪ್ಪಗೆ ನುಣ್ಣಗೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಕೈಗೆ ಗೊತ್ತಾಗಲ್ವಾ? ನನ್ನದು ಅಂಗೈ ಗುಳಿಯಲ್ಲಿ ಕೂರ್ತದೆ. ಇದು ನಿಮ್ಮ ಮಗಳ ಥರ, ಎಲ್ಲಿ ಕೂರಿಸಿದರೂ ಜಾರ್ತದೆ.” ಮದುವೆಯಾದ ಇಷ್ಟು ವರ್ಷಕ್ಕೆ ನಿಮ್ಮಮ್ಮ ಕಟ್ಟಿದ ಒಂದೇ ಒಂದು ಒಳ್ಳೆಯ ಉಪಮೆ, ಅದನ್ನೂ ಅಳುತ್ತಾ ಕಟ್ಟಿದಳು.

ನೀನು ಮರೆತಿದ್ದರೆ ನೆನಪಿಸುತ್ತೇನೆ: ಮೈಮೇಲಿನ ಲಿಂಗ ಮೈಬಿಟ್ಟು ಹೋಗಬಾರದು, ಅದನ್ನು ಪೂಜಿಸದೆ ಬಾಯಿಗೆ ಹನಿ ನೀರೂ ಬೀಳಬಾರದು ಎಂದು ನಂಬಿದ ಜೀವ ಅದು. ಮಠದ ಅಯ್ಯನವರನ್ನು ಕೇಳಿ ಬಂದೆ. ಅವರು ದೊಡ್ಡವರು, ದೊಡ್ಡ ಮಾತು ಆಡಲಿಲ್ಲ. “ಎರಡೂ ಗುರು ಕೊಟ್ಟದ್ದೇ ಅಲ್ಲವೇನಪ್ಪಾ? ಮಗಳದು ಕೈಲಿರೋವರೆಗೆ ಅದನ್ನೇ ನೋಡಿಕೊಳ್ಳಲಿ. ಬಂದ ಮೇಲೆ ಮುಂದಿಂದು ನೋಡೋಣ” ಎಂದರು. ಅಂದಿನಿಂದ ನಿನ್ನ ಕರಡಿಗೆ ಅವಳ ಎದೆಯ ಮೇಲಿದೆ, ನೀನು ಕೂಸಾಗಿದ್ದಾಗ ಮಲಗುತ್ತಿದ್ದ ಜಾಗದಲ್ಲೇ. ಆದರೂ ತನ್ನ ತಪ್ಪಿಗೆ ತಾನೇ ಒಂದು ಶಿಕ್ಷೆ ಹಾಕಿಕೊಂಡು ಒಪ್ಪೊತ್ತು ಊಟ ಮಾಡುತ್ತಿದ್ದಾಳೆ. ಸಂಜೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ರವಿಕೆ ತೋಳು ಸಡಿಲವಾಗಿದೆ. ಈ ಸಾಲನ್ನು ಓದಿ ನೀನು ಅಳಬೇಡ, ಚಳಿಗೆ ಕಣ್ಣೀರು ಹೆಪ್ಪುಗಟ್ಟುತ್ತದೆಯಂತೆ.

ಅವಳಿಗಿದ್ದದ್ದು ಒಂದೇ ಸಮಾಧಾನ. ಅಲ್ಲಿ ಗಂಗೂ ಕರಡಿಗೆ ತೆಗೆದಿರುತ್ತಾಳೆ, ಅದಲುಬದಲಾದದ್ದು ಅವಳಿಗೂ ಗೊತ್ತಾಗಿರುತ್ತದೆ, ಕಾಗದದಲ್ಲಿ ಬರೆಯುತ್ತಾಳೆ ಎಂದು ಕಾದಿದ್ದಳು. ನಿನ್ನ ಕಾಗದದಲ್ಲಿ ಕಣ್ಣಿನ ಸ್ತೂಪ ಇತ್ತು, ನವಿಲಿನ ಕಿಟಕಿ ಇತ್ತು, ಉಪ್ಪಿನ ಚಹ ಇತ್ತು, ಕರಡಿಗೆ ಇರಲಿಲ್ಲ. ಎರಡನೇ ಸಲ ಓದಿ ಮುಗಿಸುವ ಹೊತ್ತಿಗೆ ನನಗೂ ಅರ್ಥವಾಯಿತು, ಅವಳಿಗೂ ಅರ್ಥವಾಯಿತು: ಹೊರಟ ದಿನದಿಂದ ನೀನು ಅದರ ಬಾಯಿಯನ್ನೇ ತೆರೆದಿಲ್ಲ. ನಿನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿಯುತ್ತಾ, “ಪಾಪ, ಅದಕ್ಕೆ ಅಲ್ಲಿ ಒಂದು ತೊಟ್ಟು ನೀರಿಲ್ಲ” ಎಂದಳು. ನಿನ್ನನ್ನು ಕುರಿತು ಹೇಳಿದ್ದಲ್ಲ, ಲಿಂಗವನ್ನು ಕುರಿತು. ಕಾಲೇಜು ಹುಡುಗಿಯರು ಟೆಂಟಿನಲ್ಲಿ ವಿಭೂತಿ ಹಚ್ಚಿಕೊಂಡು ಕೂರುವುದಿಲ್ಲ ಎಂದು ನನಗೆ ಗೊತ್ತು ಕಣೇ. ನನಗೆ ಚುಚ್ಚಿದ್ದು ಅವಳ ಆ ಮಾತು.

ಇಷ್ಟರಲ್ಲಿ ನಿನ್ನ ಮಾವ ಪ್ರವೇಶ. ಹೆಸರು ಏಕಾಂತಯ್ಯ, ಅವರು ಕಾಲಿಟ್ಟ ಮನೆಯಲ್ಲಿ ಮಾತ್ರ ಯಾರಿಗೂ ಏಕಾಂತವಿಲ್ಲ. ರೆವಿನ್ಯೂ ಇಲಾಖೆಯಿಂದ ನಿವೃತ್ತರಾದರೂ ಅಪ್ಪಣೆ ಕೊಡುವುದರಿಂದ ನಿವೃತ್ತರಾಗಿಲ್ಲ. “ನನ್ನ ತಂಗಿ ಪ್ರಾಣಲಿಂಗ ಗಡಿ ದಾಟಿ ಪರದೇಶಕ್ಕೆ ಹೋಗಿದೆ, ನೀವು ಹಾಸ್ಯ ಮಾಡ್ಕೊಂಡು ಕೂತಿದ್ದೀರಿ, ಸಿದ್ದಬಸಪ್ಪನವರೇ! ಹುಡುಗಿ ಪೋಖರಾದಿಂದಲೇ ವಾಪಸು ಬರಬೇಕು. ಈವತ್ತೇ ತಾರು ಕೊಡ್ರಿ” ಎಂದರು. ಒಕ್ಕಣೆಯೂ ಅವರೇ ಕೊಟ್ಟರು, ಊರಿಗೆಲ್ಲ ಒಂದೇ ಒಕ್ಕಣೆ: ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ. ನಿಮ್ಮ ತಂಗಿ ಸೀರಿಯಸ್ಸಾಗಿರುವುದು ಹೊಸ ಸಮಾಚಾರವಲ್ಲ ಭಾವ, ಮದುವೆಯ ಫೋಟೋದಲ್ಲೇ ಹಾಗಿದ್ದಳು ಎಂದೆ. ಅವರು ನಗಲಿಲ್ಲ. ಅವಳ ಕಡೆ ನೋಡಿದೆ. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಣ್ಣನ ಎದುರು ಅವಳು ಮಾತಾಡಿದ್ದು ಯಾವಾಗ?

ಅಂಚೆ ಕಚೇರಿಗೆ ಹೋದೆ. ತಾರಿನ ಕಿಟಕಿಯಲ್ಲಿ ಮುನಿರಾಮಯ್ಯ ಇದ್ದ. ನಮ್ಮ ರಸ್ತೆಯ ಅರ್ಧ ಸಾವು, ಮುಕ್ಕಾಲು ಹುಟ್ಟು ಅವನ ಕೈಮೇಲೆಯೇ ಆಗಿರುವುದು. ಕಾಗದದ ಮೇಲೆ ‘ಮದರ್’ ಎಂದು ಬರೆದೆ. ಮುಂದಕ್ಕೆ ಪೆನ್ನು ಓಡಲಿಲ್ಲ. ಹಿಮದ ಬೆಟ್ಟಕ್ಕೆ ಬೆನ್ನು ತಿರುಗಿಸಿ, ತಾಯಿ ಸಾಯುತ್ತಿದ್ದಾಳೆ ಎಂದುಕೊಂಡು, ರೈಲಿನಲ್ಲಿ ಮೂರು ದಿನ ಅಳುತ್ತಾ ಬರುವ ನೀನು ಕಣ್ಣಿಗೆ ಕಟ್ಟಿದೆ. ನನ್ನ ಹಿಂದಿದ್ದವರು ಕೆಮ್ಮಿದರು. “ಸಾರ್, ತಾರು ಕೊಡ್ತೀರೋ ಇಲ್ಲ ಕಿಟಕಿಗೆ ಕಾವಲಿದ್ದೀರೋ?” ಎಂದ ಮುನಿರಾಮಯ್ಯ. ಕಾವಲೇ ಕಣಯ್ಯಾ ಎಂದು, ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದುಬಿಟ್ಟೆ.

ಮನೆಗೆ ಬಂದರೆ ಅವಳು ಅಡುಗೆಮನೆಯಲ್ಲಿಲ್ಲ, ದೇವರ ಮುಂದಿಲ್ಲ. ತಾರಸಿಯಲ್ಲಿದ್ದಳು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನೀನು ಹೋದಾಗಿನಿಂದ ದಿನಾ ಸಂಜೆ ನಾವಿಬ್ಬರೂ ಹಿಮಾಲಯ ನೋಡುತ್ತಿದ್ದೇವೆ. ಕಾರ್ಖಾನೆಗಳ ಸೈರನ್ ಆದ ಮೇಲೆ, ಮಾಗಡಿ ರಸ್ತೆಯ ಆಚೆ, ಪಡುವಣದಲ್ಲಿ ಮೋಡ ಒಂದರ ಮೇಲೊಂದು ಏರಿ ನಿಲ್ಲುತ್ತದೆ. ಬುಡ ನೀಲಿ, ನಡು ಬೂದಿ, ತುದಿಗೆ ಮಾತ್ರ ಬೆಳ್ಳಿ. ನಿನ್ನ ಹಳೆಯ ಅಟ್ಲಾಸನ್ನು ತೊಡೆಯ ಮೇಲೆ ಬಿಡಿಸಿಕೊಂಡು ಅವಳು ಒಂದೊಂದಕ್ಕೂ ಹೆಸರಿಡುತ್ತಾಳೆ. ಬಸವೇಶ್ವರನಗರದ ನೆತ್ತಿಯ ಮೇಲೆ ಧವಳಗಿರಿ. ವಿಜಯನಗರದ ಕಡೆ ಅನ್ನಪೂರ್ಣಾ. ಅನ್ನಪೂರ್ಣೆ ನಮ್ಮ ಮನೆಯಲ್ಲೇ ಒಪ್ಪೊತ್ತು ಮಾಡುತ್ತಿರುವಾಗ ಅಷ್ಟು ದೂರ ಯಾಕೆ ನೋಡಬೇಕು ಎಂದರೆ ಸುಮ್ಮನಿರ್ರೀ ಎನ್ನುತ್ತಾಳೆ. ಎರಡು ಕವಲಿನ ತುದಿಯದು ಮಚ್ಛಪುಚ್ಛ್ರೆ. ಅಂದರೆ ಮೀನಿನ ಬಾಲ ಎಂದು ನಾನು ಹೇಳಿದಂದಿನಿಂದ ಅವಳಿಗೆ ಅದರ ಮೇಲೆ ಕೊಂಚ ಮುನಿಸು, “ಅಷ್ಟು ಚೆಂದದ ಬೆಟ್ಟಕ್ಕೆ ಬೇರೆ ಹೆಸರು ಸಿಗಲಿಲ್ವಾ?” ಎಂದು. ನೋಡನೋಡುತ್ತಿದ್ದಂತೆ ಬೆಟ್ಟಗಳು ಕರಗಿ ಒಂದರೊಳಗೊಂದು ನಡೆದುಹೋಗುತ್ತವೆ, ಎದುರುಮನೆಯ ಒಣಹಾಕಿದ ಸೀರೆ ಒಂದು ಗಳಿಗೆ ಹಿಮನದಿಯಾಗುತ್ತದೆ, ಅಕ್ಕಪಕ್ಕದ ಒಲೆಗಳ ಹೊಗೆಯಲ್ಲಿ ಎರಡನೇ ಬ್ಲಾಕ್ ಪೂರ್ತಿ ನೆಲ ಬಿಟ್ಟು ತೇಲುತ್ತದೆ. ಆಮೇಲೆ ಬೆನ್ನ ಹಿಂದೆ ಚಂದ್ರ ಬರುತ್ತಾನೆ.

ಮೆಟ್ಟಿಲು ಹತ್ತಿ ಹೋದವನನ್ನು ಅವಳು ತಿರುಗಿ ನೋಡದೆಯೇ ಕೇಳಿದಳು, “ಕೊಟ್ರಾ?” ಇಲ್ಲ ಎಂದೆ. ಅಟ್ಲಾಸನ್ನು ಮಡಿಸಿಟ್ಟಳು. ಆಮೇಲೆ ಎಡಗೈಯನ್ನು ನನ್ನ ಮುಂದೆ ಹಿಡಿದಳು. “ಮೂರು ದಿವಸದಿಂದ ಬೆಳಿಗ್ಗೆ ಇದು ತಣ್ಣಗಾಗ್ತದೆ ಕಣ್ರೀ.” ಅಕ್ಟೋಬರ್ ಅಲ್ಲವೇ, ಚಳಿ ಶುರುವಾಯಿತು ಎಂದೆ. “ಚಳಿಯಾದ್ರೆ ಬಲಗೈಗೂ ಆಗಬೇಕಲ್ವಾ?” ಎಂದಳು. ತರ್ಕಶಾಸ್ತ್ರದಲ್ಲಿ ಪದವಿ ಪಡೆದ ನಾನು ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಆಮೇಲೆ ಅವಳು ನಿನಗೆ ಒಂದು ಮಾತು ಹೇಳಿ ಕಳಿಸಿದಳು. ನೀನೇ ಬರೆ ಎಂದರೆ, “ನಾನು ಬರೆದರೆ ಅವಳಿಗೆ ಅಳು ಬರ್ತದೆ, ನೀವಾದರೆ ನಗು ಬರ್ತದೆ. ನೀವೇ ಬರೀರಿ” ಎಂದಳು. ಅದನ್ನು ಬರೆಯುವುದಕ್ಕೆ ಧೈರ್ಯ ಸಾಲದೆ ಇಷ್ಟು ಹೊತ್ತು ಚಹ, ಸ್ತೂಪ, ಭಾವ ಎಂದು ಸುತ್ತು ಬಳಸಿ ಬರೆದೆ.

ಕೋಕಿಲಾ ಮೇಡಂ ಅವರಿಗೆ ನಮಸ್ಕಾರ ತಿಳಿಸು. ಜೊತೆಯ ಹುಡುಗಿಯರಿಗೆ ಚಟ್ನಿಪುಡಿ ಉಳಿದಿದ್ದರೆ ಕೊಡು, ಇಲ್ಲದಿದ್ದರೆ ಆಶೀರ್ವಾದವನ್ನೇ ಹಂಚು. ಕಾಲು ಜಾರದಿರಲಿ, ಮನಸ್ಸು ಬೇಕಾದರೆ ಅಲ್ಲಿ ಒಂದಿಷ್ಟು ಜಾರಲಿ. ಎಲ್ಲ ಬೆಟ್ಟಗಳೂ ನಿನಗೆ ದಾರಿ ಬಿಡಲಿ.

ನಿನ್ನ,
ಅಪ್ಪಾಜಿ
(ಸಿದ್ದಬಸಪ್ಪ)

ಮ.ಸೂ.: ಅಂಚೆ ಡಬ್ಬಿಯಿಂದ ಕಾಗದ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಮಾವ ತಾವೇ ಹೋಗಿ ‘ಮದರ್ ಸೀರಿಯಸ್’ ಎಂದು ತಾರು ಕೊಟ್ಟರೂ ಕೊಟ್ಟಾರು. ನಂಬಬೇಡ, ಹೊರಡಬೇಡ, ಮೇಲಕ್ಕೆ ಹೋಗು. ಇದು ನಿಮ್ಮಮ್ಮನ ಅಪ್ಪಣೆ. ಅವಳ ಮಾತು ಅವಳ ಬಾಯಲ್ಲಿ ಬಂದ ಹಾಗೇ: “ದಿನಾ ಪೂಜೆ ಮಾಡು ಅಂತ ನಾನು ಹೇಳಲ್ಲ ಗಂಗೂ. ಹಿಮ ಕೈಗೆ ಸಿಗೋ ಕಡೆ ಒಂದು ಸಲ ನಿಂತ್ಕೊ. ಕರಡಿಗೆ ತೆಗೆದು ಎಡಗೈಲಿ ಇಟ್ಕೊ. ಒಂದು ಚೂರು ಹಿಮ ಬೆರಳಲ್ಲೇ ಕರಗಿಸಿ ನೀರು ಬಿಡು. ಆಮೇಲೆ ಅಂಗೈನ ಬೆಟ್ಟದ ಕಡೆ ಹಿಡಿ. ನನಗೆ ಇಲ್ಲಿ ಗೊತ್ತಾಗ್ತದೆ. ಗೊತ್ತಾದ ದಿವಸ ರಾತ್ರಿ ಊಟ ಮಾಡ್ತೀನಿ.” ಇಷ್ಟು ಹೇಳಿ ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದು ಇನ್ನೊಂದು ಸೇರಿಸಿದಳು: “ಚಳಿ ಅಂತ ಬೇಗ ಮುಚ್ಚಿಬಿಡಬೇಡ ಅಂತ ಬರೀರಿ. ನಾನು ಇನ್ನೂ ಬೆಟ್ಟ ಸರಿಯಾಗಿ ನೋಡಿರಲ್ಲ.”