ಕೊಯಮತ್ತೂರಲ್ಲಿ ಉಳಿಯುವ ಕಾರು

ರೇಸ್ ಕೋರ್ಸ್ ರಸ್ತೆ, ಕೊಯಮತ್ತೂರು
೧೯೫೬, ಕಾರ್ತಿಕ

ಪ್ರೀತಿಯ ಕಮಲಕ್ಕನಿಗೆ, ನಿನ್ನ ಚಿಕ್ಕಪ್ಪನ ಮಗಳು ವನಮಾಲಾ ಮಾಡುವ ನಮಸ್ಕಾರ.

ನಿನ್ನ ಕಾಗದ ಸೇರಿತು. ಬೊಂಬಾಯಿಗೆ ಮನೆ ಬದಲಿಸುವಾಗ ಒಂದೇ ಕಾರು ಒಯ್ಯೋಣ ಅಂದರಂತೆ ಗೋಪಾಲಕೃಷ್ಣ ಭಾವ. ಅವರ ಜಾಗ್ವಾರ್ ಬರಲೋ, ನಿನ್ನ ಎಂ.ಜಿ. ಬರಲೋ, ನೀನೇ ಹೇಳು, ಉಳಿದದ್ದು ನಿನಗೆ ಅಂತ ಬರೆದಿದ್ದೀಯ. ಈ ಪ್ರಶ್ನೆಯನ್ನು ನೀನು ಬೇರೆ ಯಾರನ್ನಾದರೂ ಕೇಳಬೇಕಿತ್ತು ಅಕ್ಕಾ. ಆ ಕೆಂಪು ಎಂ.ಜಿ. ನಿಮ್ಮ ಬಾಗಿಲಿಗೆ ಬಂದ ದಿನದಿಂದ ನನ್ನ ಹೊಟ್ಟೆ ಉರಿಯುತ್ತಿದೆ.

ಆಗ ನಿನಗೆ ಗೇರ್ ಹಾಕುವುದೂ ಸರಿಯಾಗಿ ಬರುತ್ತಿರಲಿಲ್ಲ. ನಾನು ಅಪ್ಪನನ್ನು ದಿನಾ ಹಳೇ ಮಾರಿಸ್ ಕಾರಿನಲ್ಲಿ ಕೋರ್ಟಿಗೆ ಬಿಟ್ಟು ಬರುತ್ತಿದ್ದೆ. ಓಡಿಸಬಲ್ಲವಳು ನಾನು, ಕಾರು ನಿನ್ನದು. ಮಿಲ್ ಮಾಲೀಕರ ಮನೆಗೆ ಸೊಸೆಯಾದವಳಿಗೆ ಎಲ್ಲಾ ತಾನಾಗಿ ಬರುತ್ತೆ ಅಂತ ಅಮ್ಮನ ಹತ್ತಿರ ಗೊಣಗಿದ್ದೆ. ಅಮ್ಮ, "ಹಂಗೆಲ್ಲ ಪೊರಾಮೆ ಪಡಬಾರದು ಕಣೇ," ಅಂದಳು. ಹೊಟ್ಟೆಕಿಚ್ಚು ಪಟ್ಟೆ, ಇವತ್ತಿಗೂ ಪಡುತ್ತಿದ್ದೇನೆ.

ಪೊಳ್ಳಾಚಿಗೆ ಹೋಗಿದ್ದ ದಿನ ನಿನಗೆ ನೆನಪಿರಬೇಕು. ಭಾವನ ಜಾಗ್ವಾರ್ ನಮ್ಮನ್ನು ಹಿಂದೆ ಹಾಕಿ ಧೂಳಿನಲ್ಲಿ ಮಾಯವಾಯಿತು. ನೇರ ರಸ್ತೆಯಲ್ಲಿ ಅದನ್ನು ಹಿಡಿಯುವವರಿಲ್ಲ. ಆ ಉದ್ದ ಮೂತಿ, ಆ ಗತ್ತು! ಆದರೆ ಸಂತೆಯ ದನಗಳು ರಸ್ತೆ ತುಂಬಿದ ಕಡೆ ಎಂಜಿನ್ ಕಾದು, ಹೊಗೆಯಾಡುತ್ತಾ ಹುಣಸೆ ಮರದಡಿ ನಿಂತಿತ್ತು. ಎಂ.ಜಿ. ದನಗಳ ನಡುವೆಯೇ ನುಸುಳಿ ಬಂತು.

ವಾಪಸು ಬರುವಾಗ ನೀನು ನನ್ನ ಕೈಗೆ ಸ್ಟೀರಿಂಗ್ ಕೊಟ್ಟೆ. ನಾನು ತಿರುಗಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅದು ತಿರುಗಿರುತ್ತಿತ್ತು. ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ತಿಳಿಯುತ್ತಿತ್ತು. ಮನೆ ಮುಂದೆ ಇಳಿದಾಗ ಭಾವ ನಗುತ್ತಾ, "ಕಮಲಾ, ನಿನಗಿಂತ ನಿನ್ನ ತಂಗಿಯೇ ಚೆನ್ನಾಗಿ ಓಡಿಸ್ತಾಳೆ," ಅಂದರು. ನಿನ್ನ ಮುಖ ಸಣ್ಣದಾಯಿತು. ಆಮೇಲೆ ಒಂದು ಸಲವೂ ನನಗೆ ಆ ಕಾರು ಕೊಡಲಿಲ್ಲ. ಹೊಟ್ಟೆಕಿಚ್ಚು ನನ್ನೊಬ್ಬಳದೇ ಅಲ್ಲ ಅಂತ ಅವತ್ತು ತಿಳಿಯಿತು. ಸುಳ್ಳು ಯಾಕೆ, ಸ್ವಲ್ಪ ಸಮಾಧಾನವೂ ಆಯಿತು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಬಂದವರಿಗೆ ತೋರಿಸಲು, ಮುಂದೆ ಮಕ್ಕಳ ಕಾಲಕ್ಕೂ ಜೋಪಾನವಾಗಿಡಲು ಜಾಗ್ವಾರ್. ಓಡಿಸುವ ಸುಖಕ್ಕೆ ಎಂ.ಜಿ. ಬೊಂಬಾಯಿಯ ಗಿಜಿಗುಡುವ ಬೀದಿಗಳಿಗೂ ಎಂ.ಜಿ.ಯೇ ಸರಿ. ಇದು ನಿಜವಾದ ಮಾತು, ಮುಚ್ಚಿಡಲಾರೆ. ಆದರೂ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ಅದನ್ನು ನನಗೆ ಬಿಟ್ಟು ಹೋಗು. ನೀನು ಅದನ್ನು ಇಟ್ಟುಕೊಂಡೆ ಅಷ್ಟೆ, ನಾನು ಅದನ್ನು ಬಯಸಿದೆ.

ಬೇಸಿಗೆಗೆ ನೀನು ಊರಿಗೆ ಬಂದಾಗ ಸ್ಟೇಷನ್ನಿಗೆ ಅದರಲ್ಲೇ ಬರುತ್ತೇನೆ. ಅವಿನಾಶಿಯವರೆಗೂ ಸುತ್ತಿಸಿಕೊಂಡು ಬರುತ್ತೇನೆ. ಆದರೆ ಈಗಲೇ ಹೇಳಿಬಿಡುತ್ತೇನೆ ಅಕ್ಕಾ, ನೀನು ಎಡಗಡೆ ಕೂರಬೇಕು.

ಹೋದ ಊರಲ್ಲಿ ನಿನಗೂ ಭಾವನಿಗೂ ಎಲ್ಲಾ ಒಳ್ಳೆಯದಾಗಲಿ.

ನಿನ್ನ ಉತ್ತರಕ್ಕೆ ಬಾಗಿಲಲ್ಲೇ ನಿಂತಿರುವ,
ವನಮಾಲಾ