ಎರಡನೇ ಸಲ ಕೇಳಬಾರದೆಂದು

ಜೂನ್ 9, ಸೋಮವಾರ
ವಾಕಿಂಗ್, ರಾಗಿ ಗಂಜಿ, ಹತ್ತಕ್ಕೆ ಕೋಡಿಂಗ್ ಕ್ಲಾಸ್. ಇಂದಿಗೆ ಆರನೇ ದಿನ. ಸೇರಿಸಿದ್ದು ಹೆಂಡತಿ ಓಬಳಮ್ಮ. "ರಿಟೈರ್ ಆದ್ಮೇಲೂ ನನಗೆ ಪಾಠ ಮಾಡ್ತಾ ಕೂತ್ಕೋಬೇಡ್ರಿ. ಎಲ್ಲಾದ್ರೂ ಹೋಗಿ ಕಲೀರಿ."

ಬಂದು ಸಿಕ್ಕಿಹಾಕಿಕೊಂಡೆ. ಚಿಂತಾಮಣಿಯ ಈ ಸೆಂಟರಿನಲ್ಲಿ ಕಲಿಸುವವಳು ಭಾನುಪ್ರಿಯಾ — ಕೆಂಚಾರ್ಲಹಳ್ಳಿ ಹೈಸ್ಕೂಲಿನಲ್ಲಿ ನನ್ನದೇ ಗಣಿತದ ಶಿಷ್ಯೆ. ಇವತ್ತು ಲೂಪ್ ಹೇಳಿಕೊಟ್ಟಳು. ಒಂದೇ ಸಾಲನ್ನು ಕಂಪ್ಯೂಟರ್ ಬೇಕಾದಷ್ಟು ಸಲ ಮಾಡುವುದಂತೆ. ಅರ್ಥವಾಯಿತೆಂದು ತಲೆಯಾಡಿಸಿದೆ. ಸುಳ್ಳು. "ಒಂದು ಸಲ ಹೇಳ್ತೀನಿ, ಎರಡನೇ ಸಲ ಕೇಳಿದ್ರೆ ಕ್ಲಾಸಿಂದ ಆಚೆ" — ಮೂವತ್ತನಾಲ್ಕು ವರ್ಷ ಇದೇ ನನ್ನ ಮಂತ್ರ. ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ...

ಜೂನ್ 11
ಉಪಾಯ ಹೊಳೆಯಿತು. ಬ್ಲಾಗ್. ಕಲಿತದ್ದನ್ನೆಲ್ಲ ಬರೆದಿಡುವುದು. ನೋಟ್‌ಬುಕ್ ಸಾಲದೇ? ಸಾಲದು. ತಪ್ಪು ತಿದ್ದುವವರು ಬೇಕು, ಅವರಿಗೆ ನನ್ನ ಗುರುತಿರಬಾರದು.

ಶುರುಮಾಡಿದ ಕಾರಣ ಬರೆಯಬೇಕಂತೆ. "ಯುವಜನತೆಗೆ ಸ್ಫೂರ್ತಿ ನೀಡಲು" ಎಂದು ಬರೆದೆ. ಹೆಸರು ಹಾಕಲಿಲ್ಲ.

ಜೂನ್ 12
ಓದಿದವರು ಒಬ್ಬರು. ಓಬಳಮ್ಮ. "ಯುವಜನತೆ ಅಂದ್ರೆ ಯಾರ್ರೀ, ನಾನಾ?" ಎಂದಳು.

ಜೂನ್ 20
ಕ್ಲಾಸಿನಲ್ಲಿ ತಲೆಯಾಡಿಸುತ್ತೇನೆ, ಮನೆಗೆ ಬಂದು ಬ್ಲಾಗಿನಲ್ಲಿ ಪ್ರಶ್ನೆ ಹಾಕುತ್ತೇನೆ. ಯಾರೋ ಪುಣ್ಯಾತ್ಮ, "ಅತಿಥಿ" ಅಂತ ಹೆಸರು, ಉತ್ತರ ಬರೆಯುತ್ತಾನೆ. ಲೂಪ್ ಬಗ್ಗೆಯೇ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಹೊಸ ಉದಾಹರಣೆ ಕೊಟ್ಟ. ಎಂಥ ತಾಳ್ಮೆ. ಇಂಥವನು ಮೇಷ್ಟ್ರಾಗಬೇಕಿತ್ತು.

ಜೂನ್ 27
ಮಾನ ಹೋಯಿತು. ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ಭಾನುಪ್ರಿಯಾ ಹತ್ತಿರ ಬಂದಳು. "ಸಾರ್, ಐದನೇ ಸಲ ಬ್ಲಾಗಲ್ಲಿ ಕೇಳೋ ಬದ್ಲು ಇಲ್ಲೇ ಕೇಳ್ಬೋದಲ್ಲ."

ಆ ಅತಿಥಿ ಇವಳೇ. ನಾನೇ ಬರೆಯುತ್ತಿರುವುದೆಂದು ಹೇಗೆ ತಿಳಿಯಿತಮ್ಮಾ ಎಂದೆ.

"'ಮಕ್ಕಳೇ, ಗಮನವಿಟ್ಟು ಕೇಳಿ' ಅಂತ ಬ್ಲಾಗಲ್ಲಿ ಇನ್ಯಾರು ಬರೀತಾರೆ ಸಾರ್?"

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗುತ್ತಲೇ ಹೇಳಿದಳು. "ಎಂಟನೇ ಕ್ಲಾಸಲ್ಲಿ ಭಿನ್ನರಾಶಿ ಎರಡನೇ ಸಲ ಕೇಳಿದ್ದಕ್ಕೆ 'ಗಮನವಿಟ್ಟು ಕೇಳುತ್ತೇನೆ' ಅಂತ ನೂರು ಸಲ ಬರೆಸಿದ್ರಿ. ಹತ್ತನೇ ಕ್ಲಾಸ್ ಮುಗಿಯೋ ತನಕ ನಿಮ್ಮ ಪೀರಿಯಡ್ಡಲ್ಲಿ ನಾನು ಕೈಯೆತ್ತಲಿಲ್ಲ ಸಾರ್."

ನನಗೆ ಅದರ ನೆನಪೇ ಇಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಜುಲೈ 2
ಐದು ದಿನ ಕ್ಲಾಸಿಗೆ ಚಕ್ಕರ್. ಮಂಡಿನೋವು ಎಂದೆ. ಓಬಳಮ್ಮ ನಂಬಿಲ್ಲ, ಮುಲಾಮು ಮಾತ್ರ ತಿಕ್ಕಿದಳು, ಜೋರಾಗಿಯೇ.

ಸಂಜೆ ಯುವಜನತೆಯನ್ನು ಅಳಿಸಿ ನಿಜ ಬರೆದೆ: "ಎರಡನೇ ಸಲ ಕೇಳಲು ನಾಚಿಕೆಯಾಗಿ ಈ ಬ್ಲಾಗ್ ಶುರುಮಾಡಿದೆ. ಕೇಳುವುದು ತಪ್ಪೆಂದು ಮಕ್ಕಳಿಗೆ ಕಲಿಸಿದವನೂ ನಾನೇ. — ಮುನಿಶಾಮಪ್ಪ, ನಿವೃತ್ತ ಗಣಿತ ಶಿಕ್ಷಕ." ಕೆಳಗೆ ಲೂಪ್ ಓಡಿಸಿ "ತಪ್ಪಾಯಿತಮ್ಮಾ ಭಾನುಪ್ರಿಯಾ" ಎಂದು ನೂರು ಸಲ ಬರೆಸಿದೆ. ಒಂದೂ ಎರರ್ ಇಲ್ಲ. ಸ್ವಲ್ಪ ಜಂಬವೂ ಆಯಿತು.

ಜುಲೈ 3
ಅತಿಥಿಯ ಉತ್ತರ: "ಲೂಪ್ ಸರಿಯಾಗಿದೆ ಸಾರ್. ಆದ್ರೆ ನಾನು ಕೈಯಲ್ಲಿ ಬರೆದಿದ್ದೆ. ನಾಳೆ ಹತ್ತಕ್ಕೆ ಕ್ಲಾಸ್."

ಜುಲೈ 4, ಬೆಳಿಗ್ಗೆ 9.20
ಕೈಯಲ್ಲೇ ಅರವತ್ತೆರಡು ಸಲ ಬರೆದಾಯಿತು. ಬೆರಳು ಜೋಮು ಹಿಡಿದಿದೆ. ಉಳಿದದ್ದು ನಾನು ಬರೀಲಾ ಎಂದಳು ಓಬಳಮ್ಮ. ಬೇಡವೆಂದೆ. ಹದಿಮೂರು ವರ್ಷದ ಮಗುವಿನ ಕೈ ಎಷ್ಟು ಪುಟ್ಟದು... ಆಗ ನಾನು ನೋಡಲೇ ಇಲ್ಲ.

63. ತಪ್ಪಾಯಿತಮ್ಮಾ ಭಾನುಪ್ರಿಯಾ.
64. ತಪ್ಪಾಯಿತಮ್ಮಾ —