ಆರನೆಯ ಸಾಲು

ಅಪ್ಪಾ,

ನೀನು ಹೋದ ಮೇಲೆ ನಿನ್ನ ಕಾರು ನನ್ನ ಪಾಲಿಗೆ ಬಂದಿದೆ. ಅದರ ಪರದೆಗೂ ನನ್ನ ಫೋನಿಗೂ ಎಣ್ಣೆ ಸೀಗೆಕಾಯಿ. ಇವತ್ತು ಆಫೀಸಿನ ಪಾರ್ಕಿಂಗಿನಲ್ಲಿ, ಹಾಡು ಹಾಕೋಣವೆಂದು ಎರಡನ್ನೂ ಜೋಡಿಸಲು ಅರ್ಧ ಗಂಟೆ ಒದ್ದಾಡಿದೆ. ‘ಹುಡುಕುತ್ತಿದೆ’ ಎನ್ನುತ್ತದೆ, ಆಮೇಲೆ ಸುಮ್ಮನಾಗಿಬಿಡುತ್ತದೆ. ರೇಗಿ, ಗಾಜಿನ ಮೇಲಿನ ಬಿಸಿಲುಮರೆಯನ್ನು ಕೆಳಗೆಳೆದರೆ ಮಡಚಿದ ಹಾಳೆಯೊಂದು ತೊಡೆಯ ಮೇಲೆ ಬಿತ್ತು. ನಿನ್ನ ಅಕ್ಷರ.

ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದ ಕೈ ಅಲ್ಲವೇ? ನಾನು ಫೋನಿನಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ನಂಬರು ಹಾಕಿ ಹಾಗೆಯೇ ಬರೆದುಕೊಂಡಿದ್ದೀಯ.

‘೩. ಅಯ್ಯೋ, ಅದಲ್ಲ ಅಪ್ಪಾ, ಅದರ ಪಕ್ಕದ್ದು.
೪. ಈಗ ಪರದೆ ಮೇಲೆ ನಿನ್ನ ಫೋನಿನ ಹೆಸರು ಒತ್ತು.
೫. ಎಷ್ಟು ಸಲ ಹೇಳ್ಲಿ ನಿಂಗೆ? ಮೀಟಿಂಗ್ ಇದೆ, ಆಮೇಲೆ ಫೋನ್ ಮಾಡ್ತೀನಿ.’

ಅದರ ಕೆಳಗೆ ‘೬’ ಎಂದು ಬರೆದು ಜಾಗ ಬಿಟ್ಟಿದ್ದೀಯ. ಮೇಲೆ ತಾರೀಕೂ ಇದೆ, ಎರಡು ವರ್ಷದ ಹಿಂದಿನದು.

ಕಾರಿನಲ್ಲಿ ಹಾಡು ಯಾಕೆ ಹಾಕಲ್ಲ ಎಂದು ನಾನು ಕೇಳಿದಾಗಲೆಲ್ಲ ನೀನು, “ಸುಮ್ನೆ ಹೋಗೋದೇ ಚೆಂದ ಕಣೇ” ಎನ್ನುತ್ತಿದ್ದೆ.

ಆರನೆಯದು ಇಷ್ಟೇ ಅಪ್ಪಾ: ಫೋನಿನಲ್ಲೂ ಒಮ್ಮೆ ‘ಸರಿ’ ಒತ್ತಬೇಕು. ಇವತ್ತು ನಾನೂ ಅದನ್ನೇ ಮರೆತಿದ್ದೆ. ಅರ್ಧ ನಿಮಿಷದ ಮಾತು.